ಎರಡೂ 24 ಎಚ್.ಪಿ. – ಯಾವುದನ್ನು ಕೊಳ್ಳುವುದು?

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದು ನನಗೆ ಗೊತ್ತು. ಬಾಯಿ ಬಿಡಿಸಿ ಹಲ್ಲು ನೋಡಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಅಪ್ಪನ ಜೊತೆ ಚಿಕ್ಕಂದಿನಿಂದ ಹೋಗಿ ಕಲಿತದ್ದು. ಆದರೆ ಸಣ್ಣ ಟ್ರ್ಯಾಕ್ಟರ್ ಕೊಳ್ಳಲು ಹೊರಟಾಗ ಯಾವ ಹಲ್ಲು ನೋಡಬೇಕು, ಯಾವ ಸುಳಿ ನೋಡಬೇಕು ಒಂದೂ ತಿಳಿಯಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಆರು ತಿಂಗಳು ತಿರುಗಾಡಿ, ಕೇಳಿ, ಅಳೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಾಕೆ ಬೇಕಾಯಿತು ಅಂತ ಹೇಳಬೇಕು. ದೊಡ್ಡಬಳ್ಳಾಪುರ ತಾಲ್ಲೂಕು ರಾಜಘಟ್ಟದಲ್ಲಿ ನನಗಿರುವುದು ನಾಲ್ಕು ಎಕರೆ ಇಪ್ಪತ್ತು ಗುಂಟೆ, ಮೂರು ಕಡೆ ಹಂಚಿಕೊಂಡಿದೆ. ಎಲ್ಲ ಕೆಮ್ಮಣ್ಣು, ಎಲ್ಲ ಮಳೆ ಆಶ್ರಯ. ರಾಗಿ, ಅದರೊಳಗೆ ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು. ಒಂದು ತುಂಡಿನಲ್ಲಿ ಮುಸುಕಿನ ಜೋಳ. ಮಂಡಿ ನೋವು ಜಾಸ್ತಿಯಾಗಿ, ಮಗ ಕಾರ್ಖಾನೆ ಕೆಲಸಕ್ಕೆ ಹೋಗಿ, 2022ರಲ್ಲಿ ಎತ್ತು ಮಾರಿದೆ. ಆಮೇಲೆ ಬಾಡಿಗೆ ಟ್ರ್ಯಾಕ್ಟರೇ ಗತಿ.

ಕೆಮ್ಮಣ್ಣಿನ ಹದ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಮಳೆ ಬಿದ್ದ ಮಾರನೇ ದಿನ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು. ದೊಡ್ಡ ಹೊಲದವರ ಕೆಲಸ ಮೊದಲು, ಮೂರು ತುಂಡಿನವನ ಕೆಲಸ ಕೊನೆಗೆ. 2024ರಲ್ಲಿ ಬಿತ್ತನೆ ಮಳೆ ಬಿದ್ದ ಆರನೇ ದಿನ ನನ್ನ ಹೊಲಕ್ಕೆ ಗಾಡಿ ಬಂತು. ಮೇಲುಮಣ್ಣು ಬೂದಿಯಂತಾಗಿತ್ತು. ಬಿತ್ತಿದ್ದು ಅರೆಬರೆ ಹುಟ್ಟಿತು. ಎರಡು ಎಕರೆಗೆ ಹದಿನೆಂಟು ಮೂಟೆ ಕಾಣುತ್ತಿದ್ದ ಹೊಲ ಹತ್ತು ಮೂಟೆಗೆ ನಿಂತಿತು. ಬಾಡಿಗೆಯವನನ್ನು ಬೈದು ಪ್ರಯೋಜನವಿಲ್ಲ, ಅವನಿಗೂ ಇರುವುದು ಒಂದೇ ಗಾಡಿ.

ಸ್ವಂತಕ್ಕೆ ತಗೊಳ್ಳೋಣ ಅಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಆ ಕಬ್ಬಿಣ ಸಗಣಿ ಹಾಕ್ತದಾ?" ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಎರಡು ಸೀಮೆ ಹಸು ಇವೆ, ಅವುಗಳ ಗೊಬ್ಬರದಲ್ಲೇ ಸುಧಾರಿಸುತ್ತಿದ್ದೇವೆ.

ಮೊದಲು ಸಾಲದ ಲೆಕ್ಕ

ಯಾವ ಗಾಡಿ ಅನ್ನುವುದಕ್ಕಿಂತ ಮುಂಚೆ ಗಾಡಿ ಬೇಕೋ ಬೇಡವೋ ಎಂಬ ಲೆಕ್ಕ ಹಾಕಬೇಕು. ಸಣ್ಣ ಫೋರ್ ವೀಲ್ ಗಾಡಿ ಕೈಗೆ ಬರುವ ಹೊತ್ತಿಗೆ ಐದರಿಂದ ಆರು ಲಕ್ಷ ಆಗುತ್ತದೆ. ಕೈಯಿಂದ ಸ್ವಲ್ಪ ಹಾಕಿ ನಾಲ್ಕು ಲಕ್ಷ ಸಾಲ ಎಂದಿಟ್ಟುಕೊಳ್ಳಿ. ನೂರಕ್ಕೆ ಹತ್ತರ ಬಡ್ಡಿ, ಐದು ವರ್ಷ ಎಂದರೆ ವರ್ಷಕ್ಕೆ ಸುಮಾರು 1,05,000 ರೂಪಾಯಿ ಕಟ್ಟಬೇಕು. ನನ್ನ ಸ್ವಂತ ಹೊಲದ ಕೆಲಸ ವರ್ಷಕ್ಕೆ ಇಪ್ಪತ್ತೆರಡು ಗಂಟೆ ಮಾತ್ರ. ಗಂಟೆಗೆ ಸಾವಿರದಂತೆ ಬಾಡಿಗೆ ಉಳಿದರೂ 22,000. ಮಿಕ್ಕ 83,000 ಹೊರಗಿನ ಕೆಲಸದಿಂದಲೇ ಬರಬೇಕು.

ಸಣ್ಣ ಗಾಡಿಗೆ ಗಂಟೆಗೆ 800 ಸಿಗುತ್ತದೆ ಎನ್ನಿ. ಡೀಸೆಲ್‌ಗೆ 270 ಹೋಯಿತು. ಆಯಿಲ್, ಟೈರು, ರಿಪೇರಿಗೆಂದು 80 ಎತ್ತಿಟ್ಟರೆ ಉಳಿಯುವುದು 450. ಹಾಗಾದರೆ ವರ್ಷಕ್ಕೆ 184 ಗಂಟೆ ಊರವರ ಕೆಲಸ ಮಾಡಿದರೆ ಮಾತ್ರ ಕಂತು ಕಟ್ಟಬಹುದು. ಇದರಲ್ಲಿ ನನ್ನ ಕೂಲಿ ಸೇರಿಲ್ಲ. ಈ ಲೆಕ್ಕವನ್ನು ಗಾಡಿ ಮಾರುವವರು ಹಾಕಿ ತೋರಿಸುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ನಿಮ್ಮ ದರ ಬೇರೆ ಇರಬಹುದು, ದರ ಬದಲಿಸಿ ಇದೇ ಲೆಕ್ಕ ಮಾಡಿ.

ಹೊರಗಿನ ಕೆಲಸ ಅಂದರೆ ನಮ್ಮ ಕಡೆ ರೇಷ್ಮೆ ಸೊಪ್ಪಿನ ತೋಟ ಮತ್ತು ದ್ರಾಕ್ಷಿ ತೋಟ. ಜೋಡಿ ಸಾಲಿನ ಸೊಪ್ಪಿನ ತೋಟದಲ್ಲಿ ಮೂರು ಅಡಿ ಬಿಟ್ಟು ಒಂದು ಸಾಲು, ಐದು ಅಡಿ ಬಿಟ್ಟು ಇನ್ನೊಂದು ಜೋಡಿ. ಆ ಐದಡಿಯಲ್ಲಿ ಗಾಡಿ ಓಡಬೇಕು, ಕಡ್ಡಿ ಮುರಿಯಬಾರದು. ಅಂದರೆ ನಾನು ಗಾಡಿ ಆರಿಸಬೇಕಾದದ್ದು ನನ್ನ ಹೊಲ ನೋಡಿ ಮಾತ್ರ ಅಲ್ಲ, ಪಕ್ಕದವರ ತೋಟ ನೋಡಿ. ಇದು ತಿಳಿದ ಮೇಲೆ 35, 40 ಎಚ್.ಪಿ.ಯ ಆಸೆ ಬಿಟ್ಟೆ.

ಕಾಗದದ ಮೇಲೆ ಅಣ್ಣ ತಮ್ಮ

ನಮ್ಮ ಕಡೆ ಸಣ್ಣ ಟ್ರ್ಯಾಕ್ಟರ್ ಎಂದರೆ ಬೆಂಗಳೂರಿನ ವಿ.ಎಸ್.ಟಿ.ಯವರ ಹದಿನೆಂಟೂವರೆ ಎಚ್.ಪಿ. ಮಿತ್ಸುಬಿಷಿ ಶಕ್ತಿ ಎಲ್ಲರಿಗೂ ಗೊತ್ತು. ದ್ರಾಕ್ಷಿ ತೋಟದಲ್ಲಿ ಬಹಳ ಓಡಿದ ಗಾಡಿ. ನನಗೆ ರಾಗಿ ಹೊಲದ ಉಳುಮೆಯೂ ಆಗಬೇಕಿತ್ತು, ಹಾಗಾಗಿ ಒಂದು ಮೆಟ್ಟಿಲು ಮೇಲಕ್ಕೆ ಹೋದೆ. ಕೊನೆಗೆ ಉಳಿದವು ಎರಡು: ಮಹೀಂದ್ರಾ ಜೀವೋ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ 2441.

ಎರಡೂ 24 ಎಚ್.ಪಿ. ಎರಡಕ್ಕೂ ನಾಲ್ಕು ಚಕ್ರದ ಎಳೆತ. ಎರಡೂ ಹಿಂದೆ 750 ಕಿಲೋ ಎತ್ತುತ್ತವೆ ಎಂದು ಬರೆದಿದೆ. ಒಂದಕ್ಕೆ ಮುಂದಕ್ಕೆ ಎಂಟು ಗೇರು, ಹಿಂದಕ್ಕೆ ನಾಲ್ಕು. ಇನ್ನೊಂದಕ್ಕೆ ಒಂಬತ್ತು, ಮೂರು. ಗೇರು ಜಾಸ್ತಿ ಎಂದು ಹಿಗ್ಗಬೇಡಿ, ನಿಮಗೆ ಬೇಕಾದ ನಿಧಾನದ ಗೇರು ಇದೆಯೋ ನೋಡಿ.

ನಿಜವಾದ ವ್ಯತ್ಯಾಸ ಎಂಜಿನ್ನಿನಲ್ಲಿ. ಜೀವೋದು ಎರಡು ಸಿಲಿಂಡರ್, 1366 ಸಿ.ಸಿ., 2300 ಸುತ್ತಿಗೆ 24 ಎಚ್.ಪಿ. ಕುಬೋಟಾದು ಮೂರು ಸಿಲಿಂಡರ್, 1123 ಸಿ.ಸಿ., 2600 ಸುತ್ತಿಗೆ ಅದೇ 24. ಎತ್ತಿನ ಭಾಷೆಯಲ್ಲಿ ಹೇಳುವುದಾದರೆ ಒಂದು ದಪ್ಪ ಹೆಜ್ಜೆ ಇಟ್ಟು ನಿಧಾನ ಎಳೆಯುತ್ತದೆ, ಇನ್ನೊಂದು ಸಣ್ಣ ಹೆಜ್ಜೆ ಇಟ್ಟು ಬೇಗ ಬೇಗ ಎಳೆಯುತ್ತದೆ. ಸಂಜೆಗೆ ಮುಗಿಸುವ ಕೆಲಸ ಹೆಚ್ಚುಕಮ್ಮಿ ಒಂದೇ. ಮೂರು ಸಿಲಿಂಡರಿನದಕ್ಕೆ ಅದುರು ಕಮ್ಮಿ, ಅದು ಕೈಗೇ ಗೊತ್ತಾಗುತ್ತದೆ. ಇಡೀ ದಿನ ಕೂರುವವರಿಗೆ ಇದು ಸಣ್ಣ ವಿಷಯ ಅಲ್ಲ.

750 ಕಿಲೋ ಎಂಬ ಮಾತಿಗೆ ಒಂದು ಎಚ್ಚರಿಕೆ. ಆ ತೂಕ ಕೊಕ್ಕೆಯ ತುದಿಯಲ್ಲಿ ಎತ್ತುವುದು. ರೋಟರಿಯ ಭಾರ ಕೊಕ್ಕೆಯಿಂದ ಒಂದೂವರೆ, ಎರಡು ಅಡಿ ಹಿಂದೆ ಇರುತ್ತದೆ, ಅಲ್ಲಿ ಎತ್ತುವ ಶಕ್ತಿ ಕಮ್ಮಿ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಕೇಂದ್ರ ಇದೆ. 1955ರಲ್ಲಿ ಶುರುವಾದದ್ದು. ಅವರ ವರದಿಯಲ್ಲಿ ಕೊಕ್ಕೆಯಲ್ಲಿ ಎಷ್ಟು, ಕೊಕ್ಕೆಯಿಂದ 610 ಮಿಲಿಮೀಟರ್ ಹಿಂದೆ ಎಷ್ಟು ಎಂದು ಎರಡನ್ನೂ ಬರೆಯುತ್ತಾರೆ. ಎಂಜಿನ್ ಎಚ್.ಪಿ. ಅಲ್ಲದೆ ಪಿ.ಟಿ.ಓ. ಎಚ್.ಪಿ., ಅಂದರೆ ಹಿಂದಿನ ರೋಟರಿಗೆ ತಲುಪುವ ಶಕ್ತಿಯನ್ನೂ ಬರೆಯುತ್ತಾರೆ. ಬಣ್ಣದ ಕಾಗದ ಬಿಟ್ಟು ಈ ವರದಿ ಕೇಳಿ. ಇಂಗ್ಲಿಷಿನಲ್ಲಿರುತ್ತದೆ, ಮಗ ಓದಿ ಹೇಳಿದ.

ಹೊಲಕ್ಕೆ ಕರೆಸಿ ಅಳೆದದ್ದು

ಜಿ.ಕೆ.ವಿ.ಕೆ. ಕೃಷಿ ಮೇಳದಲ್ಲಿ ಗಾಡಿ ನೋಡುವುದು ಮದುವೆ ಮನೆಯಲ್ಲಿ ಹೆಣ್ಣು ನೋಡಿದ ಹಾಗೆ, ಎಲ್ಲವೂ ಚಂದ. ನಮ್ಮ ಹೊಲಕ್ಕೇ ಕರೆಸಬೇಕು. ನಾಲ್ಕು ಸಲ ಕೇಳಿದ ಮೇಲೆ ಇಬ್ಬರೂ ಕಳಿಸಿಕೊಟ್ಟರು. ಮಳೆ ಬಿದ್ದು ಹದ ಬಂದ ದಿನ, ಅದೇ ಹೊಲ, ಅದೇ ಐದು ಗುಳದ ಕಲ್ಟಿವೇಟರ್, ಅದೇ ಆಳ. ಇದು ಮುಖ್ಯ. ಒಂದನ್ನು ಒಣ ನೆಲದಲ್ಲಿ, ಇನ್ನೊಂದನ್ನು ಹಸಿ ನೆಲದಲ್ಲಿ ಓಡಿಸಿದರೆ ಏನೂ ತಿಳಿಯುವುದಿಲ್ಲ.

ಡೀಸೆಲ್ ಅಳೆಯುವುದು ಸುಲಭ. ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಕುತ್ತಿಗೆವರೆಗೆ ತುಂಬಿಸಿ. ಒಂದು ಎಕರೆ ಕೆಲಸ ಮಾಡಿಸಿ. ಅದೇ ಜಾಗಕ್ಕೆ ತಂದು ಲೀಟರ್ ಅಳತೆಯಲ್ಲಿ ಮತ್ತೆ ಕುತ್ತಿಗೆವರೆಗೆ ಹಾಕಿ. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ. ನಾಲ್ಕಡಿ ರೋಟರಿಯಲ್ಲಿ ಎಕರೆಗೆ ನಾಲ್ಕೂವರೆಯಿಂದ ಐದು ಲೀಟರ್ ಹಿಡಿಯಿತು. ಎರಡು ಗಾಡಿಗಳ ನಡುವೆ ಕಾಲು ಲೀಟರ್ ವ್ಯತ್ಯಾಸ, ಅದೂ ಡ್ರೈವರ್ ಬೇರೆಯಾದದ್ದರಿಂದ ಇರಬಹುದು.

ಸಮಯವನ್ನೂ ಲೆಕ್ಕ ಹಾಕಿ ನೋಡಿ. ನಾಲ್ಕಡಿ ರೋಟರಿ ಪಕ್ಕದ ಪಟ್ಟಿಯ ಮೇಲೆ ಸ್ವಲ್ಪ ಹತ್ತಿ ಬರುವುದರಿಂದ ಮೂರೂವರೆ ಅಡಿ ಎಂದೇ ಹಿಡಿಯಬೇಕು. ಎಕರೆಗೆ 43,560 ಚದರ ಅಡಿ. ಭಾಗಿಸಿದರೆ 12,445 ಅಡಿ ನಡಿಗೆ, ಅಂದರೆ ಸುಮಾರು 3.8 ಕಿಲೋಮೀಟರ್. ಗಂಟೆಗೆ ಎರಡೂವರೆ ಕಿಲೋಮೀಟರಿನಂತೆ ಒಂದೂವರೆ ಗಂಟೆ, ತಿರುಗಿಸುವುದಕ್ಕೆ ಇಪ್ಪತ್ತು ನಿಮಿಷ. "ಗಂಟೆಗೆ ಒಂದೂವರೆ ಎಕರೆ ಹೊಡೀತದೆ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. (ರೋಟರಿ ಅತಿಯಾಗಿ ಹೊಡೆಯಬೇಡಿ ಅನ್ನುವುದು ಬೇರೆ ಮಾತು. ಕೆಮ್ಮಣ್ಣು ಹಿಟ್ಟಾದರೆ ಮುಂದಿನ ಮಳೆಗೆ ಮೇಲೆ ಪದರ ಕಟ್ಟುತ್ತದೆ, ರಾಗಿ ಮೊಳಕೆ ತಲೆ ಎತ್ತುವುದಿಲ್ಲ.)

ಇನ್ನು ಚಕ್ರ ಜಾರುವುದು. ಇದನ್ನು ಅಳೆಯಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಟೈರಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಕಲ್ಟಿವೇಟರ್ ಮೇಲೆತ್ತಿಕೊಂಡು ಚಕ್ರ ಹತ್ತು ಸುತ್ತು ಸುತ್ತುವಷ್ಟು ಓಡಿಸಿ, ಅಲ್ಲಿಗೊಂದು ಗೂಟ. ನಮಗೆ 95 ಅಡಿ ಬಂತು. ಆಮೇಲೆ ಗುಳ ಇಳಿಸಿ ಉಳುತ್ತಾ ಅದೇ ಹತ್ತು ಸುತ್ತು. ಎಷ್ಟು ಅಡಿ ಕಮ್ಮಿ ಬರುತ್ತದೋ ಅಷ್ಟು ಚಕ್ರ ಸುಮ್ಮನೆ ತಿರುಗಿದೆ ಎಂದರ್ಥ. ಮುಂದಿನ ಚಕ್ರದ ಎಳೆತ ಹಾಕದೆ ಉತ್ತಾಗ 74 ಅಡಿ ಬಂತು, ನೂರಕ್ಕೆ ಇಪ್ಪತ್ತೆರಡು ಪಾಲು ಜಾರಿದೆ. ಲಿವರ್ ಹಾಕಿ ಉತ್ತಾಗ 85 ಅಡಿ, ಜಾರಿದ್ದು ಹತ್ತೂವರೆ ಪಾಲು. ಇನ್ನೊಂದು ಗಾಡಿಯಲ್ಲೂ ಹೀಗೇ, ಎರಡಡಿ ಆಚೆ ಈಚೆ.

ಈ ಗೂಟ ನೋಡಿ ನನ್ನ ತಲೆ ಸ್ವಲ್ಪ ತಿಳಿಯಾಯಿತು. ಈ ಕಂಪನಿ ಆ ಕಂಪನಿ ಎಂದು ನಾನು ಆರು ತಿಂಗಳು ನಿದ್ದೆಗೆಟ್ಟದ್ದು ಎರಡಡಿಗೆ. ಲಿವರ್ ಹಾಕಿದ್ದಕ್ಕೂ ಬಿಟ್ಟಿದ್ದಕ್ಕೂ ಹನ್ನೊಂದು ಅಡಿ. ದುಡ್ಡು ಉಳಿಸಲು ಎರಡು ಚಕ್ರದ ಎಳೆತದ ಗಾಡಿ ತೆಗೆದುಕೊಳ್ಳೋಣ ಎಂಬ ಯೋಚನೆಯೂ ಇತ್ತು, ಅದನ್ನು ಅವತ್ತೇ ಬಿಟ್ಟೆ. ಆದರೆ ಟಾರು ರಸ್ತೆಗೆ ಬಂದ ಕೂಡಲೇ ಲಿವರ್ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಟೈರು ಬೇಗ ಸವೆಯುತ್ತದೆ.

ಕೊನೆಗೆ ಆರಿಸಿದ್ದು ಹೇಗೆ

ಹೊಲದಲ್ಲಿ ಎರಡೂ ಸಮ. ಸೊಪ್ಪಿನ ತೋಟದ ಐದಡಿಯಲ್ಲೂ ಎರಡೂ ನುಗ್ಗಿದವು. ಹಾಗಾದರೆ ಉಳಿದದ್ದು ಏನು? ಹದದ ಮೂರು ದಿನದಲ್ಲಿ ಗಾಡಿ ನಿಂತರೆ ಯಾರು ಬರುತ್ತಾರೆ ಎಂಬುದು. ಬಾಡಿಗೆ ಗಾಡಿ ಕಾಯ್ದು ಬೆಳೆ ಕಳಕೊಂಡವನು ಸ್ವಂತ ಗಾಡಿ ಇಟ್ಟುಕೊಂಡು ಮೆಕ್ಯಾನಿಕ್ ಕಾಯ್ದು ಕಳಕೊಂಡರೆ ಏನು ಬಂತು?

ಅದಕ್ಕೆ ಮೀಟರಿನಲ್ಲಿ ಸಾವಿರ ಗಂಟೆ ದಾಟಿದ ಗಾಡಿಯವರನ್ನೇ ಹುಡುಕಿಕೊಂಡು ಹೋದೆ. ಹೊಸ ಗಾಡಿಯವರೆಲ್ಲ ಹೊಗಳುತ್ತಾರೆ, ಕೇಳಬೇಡಿ. ಕೇಳಿದ್ದು ಒಂದೇ ಪ್ರಶ್ನೆ: ಕೆಲಸದ ಮಧ್ಯೆ ನಿಂತಾಗ ಮತ್ತೆ ಓಡಲು ಎಷ್ಟು ಹೊತ್ತು ಹಿಡಿಯಿತು? ಆಮೇಲೆ ಕ್ಲಚ್ ಪ್ಲೇಟು, ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟು, ಹೈಡ್ರಾಲಿಕ್ ಸೀಲು, ಸೆಲ್ಫ್ ಮೋಟಾರ್ ಎಂದು ಐದು ಸಾಮಾನಿನ ಚೀಟಿ ಮಾಡಿಕೊಂಡು ಅಂಗಡಿ ಸುತ್ತಿದೆ. ಇವತ್ತು ಕೈಗೆ ಸಿಗುವುದೆಷ್ಟು, "ತರಿಸಿಕೊಡ್ತೀವಿ" ಎನ್ನುವುದೆಷ್ಟು ಎಂದು ಚೀಟಿಯಲ್ಲೇ ಗುರುತು ಹಾಕಿಕೊಂಡೆ.

ನಾನು ಎರಡು ಸಿಲಿಂಡರಿನದನ್ನು ತಂದೆ. ಕಾರಣ ಇಷ್ಟೇ, ಪಕ್ಕದ ಊರಿನ ಮೆಕ್ಯಾನಿಕ್ ಹುಡುಗನ ಕೈ ಅದರಲ್ಲಿ ಪಳಗಿದೆ, ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬರುತ್ತಾನೆ. ಅವನ ಕೈ ಮೂರು ಸಿಲಿಂಡರಿನದರಲ್ಲಿ ಪಳಗಿದ್ದರೆ ಅದನ್ನೇ ತರುತ್ತಿದ್ದೆ. ನಿಮ್ಮ ಊರಿನ ಮೆಕ್ಯಾನಿಕ್ ಯಾರು ಎಂದು ನೋಡಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಐದು ಲಕ್ಷದ ಗಾಡಿಗೆ 35,000 ವ್ಯತ್ಯಾಸ, ಬೆಲೆ ಪಟ್ಟಿಯ ತಾರೀಕು ನೋಡಿ. ಎರಡನೆಯದು ಸಹಾಯಧನ. ನನ್ನಿಂದ ಒಬ್ಬ ಏಜೆಂಟ್ "ಸಬ್ಸಿಡಿ ನಾನು ಮಾಡಿಸ್ತೀನಿ, ಮೊದಲು ಅಡ್ವಾನ್ಸ್ ಕೊಡಿ" ಎಂದು ಐದು ಸಾವಿರ ಇಸಕೊಂಡ. ದುಡ್ಡೂ ಇಲ್ಲ, ಸಬ್ಸಿಡಿಯೂ ಇಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ನೀವೇ ಹೋಗಿ ಕೇಳಿ, ಗಾಡಿ ಕೊಳ್ಳುವುದಕ್ಕೆ ಮುಂಚೆಯೇ ಕೇಳಿ. ಪಹಣಿ, ಆಧಾರ್, ಎಫ್.ಐ.ಡಿ. ನಂಬರ್ ಜೊತೆಗಿರಲಿ.

ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವ ಪಿ.ಟಿ.ಓ. ಹತ್ತಿರ ಹೋಗಬೇಡಿ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಅಡ್ಡ ಎಂದು ಕಿತ್ತು ಬಿಸಾಡುವವರನ್ನು ನೋಡಿದ್ದೇನೆ. ಅದು ಇರುವುದು ನಮ್ಮ ಜೀವಕ್ಕೆ.

2025ರ ನವೆಂಬರಿನಲ್ಲಿ ಗಾಡಿ ಮನೆಗೆ ಬಂತು. ಇದನ್ನು ಬರೆಯುವ ಹೊತ್ತಿಗೆ ಮೀಟರಿನಲ್ಲಿ 96 ಗಂಟೆ ಇದೆ. ಅದರಲ್ಲಿ ಹೊರಗಿನ ಕೆಲಸ 71 ಗಂಟೆ, ಹೆಚ್ಚಿನದು ಸೊಪ್ಪಿನ ತೋಟದ್ದು. ವರ್ಷದ 184ಕ್ಕೆ ಇನ್ನೂ 113 ಬೇಕು. ರಾಗಿ ಸಾಲಿನೊಳಗೆ ಕುಂಟೆ ಹೊಡೆಯಲು ಈ ಗಾಡಿ ಆಗುವುದಿಲ್ಲ, ಅದಕ್ಕೆ ಈ ಸಲವೂ ಎತ್ತು ಇಟ್ಟುಕೊಂಡಿರುವವರನ್ನೇ ಕೇಳಬೇಕು. ಅವರಿಗೆ ಬದಲಿಗೆ ಎರಡು ಗಂಟೆ ಉತ್ತುಕೊಡುತ್ತೇನೆ ಎಂದು ಮಾತಾಗಿದೆ.