ದಿನಾಂಕದ ರೂಪ ಮತ್ತು ಅರ್ಥ: ಸ್ಪ್ರೆಡ್‌ಶೀಟ್ ಬಳಸುವ ಮುನ್ನ



ಒಂದೇ ಪದವು ಎರಡು ಭಾಷೆಗಳಲ್ಲಿ ಎರಡು ಅರ್ಥ ಕೊಡುವುದು ಗಡಿನಾಡಿನ ನಮಗೆ ಹೊಸತಲ್ಲ. ‘ಅವಘಡ’ ಎಂದರೆ ಮರಾಠಿ ತರಗತಿಯಲ್ಲಿ ಕಠಿಣ. ಕನ್ನಡ ತರಗತಿಯಲ್ಲಿ ಅಪಘಾತ. ಅಕ್ಷರ ಅದೇ ಆದರೂ ಓದುವ ಭಾಷೆ ಯಾವುದೆಂಬುದು ಮೊದಲು ತಿಳಿದಿರಬೇಕು. ಗಣಕಯಂತ್ರವು ದಿನಾಂಕವನ್ನು ಓದುವ ಬಗೆಯೂ ಇಂಥದೇ.

ರಾಜ್ಯ ಪುನರ್ವಿಂಗಡಣೆ ಜಾರಿಗೆ ಬಂದ ದಿನವನ್ನು 1/11/1956 ಎಂದು ಬರೆಯಿರಿ. ಭಾರತೀಯ ಪದ್ಧತಿಯಲ್ಲಿ ಅದು ನವೆಂಬರ್ 1. ಅಮೆರಿಕದ ಪದ್ಧತಿಗೆ ಹೊಂದಿಸಿದ ಸ್ಪ್ರೆಡ್‌ಶೀಟಿನಲ್ಲಿ ಅದು ಜನವರಿ 11. ವಿ. ಕೃ. ಗೋಕಾಕರ ಜನ್ಮದಿನ 9/8/1909 ಅಲ್ಲಿ ಸೆಪ್ಟೆಂಬರ್ 8 ಆಗುತ್ತದೆ. ಕುವೆಂಪು ಅವರ 29/12/1904 ಮಾತ್ರ ತಪ್ಪಾಗದು. ಇಪ್ಪತ್ತೊಂಬತ್ತನೆಯ ತಿಂಗಳು ಇಲ್ಲದ ಕಾರಣ ಅದು ಬರಿಯ ಪಠ್ಯವಾಗಿ ಕೋಶದ ಎಡಬದಿಗೆ ನಿಲ್ಲುತ್ತದೆ. ಆ ಎಡಬದಿಯೇ ನಮಗೆ ಎಚ್ಚರಿಕೆ. ಆದರೆ ವರ್ಷದ 132 ದಿನಾಂಕಗಳು ಯಾವ ಸೂಚನೆಯೂ ಇಲ್ಲದೆ ಬದಲಾಗಿಬಿಡುತ್ತವೆ.

ಹಿಂದೊಮ್ಮೆ ವಿದ್ಯಾರ್ಥಿವೇತನದ ಪಟ್ಟಿಯನ್ನು ನಾನೇ ಸಿದ್ಧಪಡಿಸಿದ್ದೆ. ನವೆಂಬರ್ 5ರಂದು ಹುಟ್ಟಿದ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಮೇ 11ರಂದು ಹುಟ್ಟಿದ್ದಳು. ಪ್ರಮಾಣಪತ್ರಕ್ಕೆ ತಾಳೆಯಾಗದೆ ಅರ್ಜಿ ಹಿಂದಿರುಗಿತು. ತಪ್ಪು ನನ್ನದು, ತೊಂದರೆ ಅವಳದು. ಈ ಪಾಠವನ್ನು ಬರೆಯಲು ಅದೇ ಕಾರಣ.

ರೂಪ ಬೇರೆ, ಮೌಲ್ಯ ಬೇರೆ

ಸ್ಪ್ರೆಡ್‌ಶೀಟ್ ದಿನಾಂಕವನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 1900ರ ಜನವರಿ 1 ಎಂದರೆ 1. 1956ರ ನವೆಂಬರ್ 1 ಎಂದರೆ 20760. ಕಣ್ಣಿಗೆ ಕಾಣುವ ದಿನ-ತಿಂಗಳು-ವರ್ಷ ಆ ಸಂಖ್ಯೆಯ ಮೇಲಿನ ಉಡುಪು ಮಾತ್ರ. ಆದುದರಿಂದ ತಪ್ಪಾಗಿ ಓದಲ್ಪಟ್ಟ ದಿನಾಂಕವನ್ನು ಆಮೇಲೆ ರೂಪ ಬದಲಿಸಿ ಸರಿಪಡಿಸಲಾಗದು. ಬರೆಯುವ ಮೊದಲೇ ‘ಲೊಕೇಲ್’, ಅಂದರೆ ಪ್ರದೇಶ ಪದ್ಧತಿ, ಸರಿಯಾಗಿರಬೇಕು.

ಹೊಂದಿಸುವ ಬಗೆ

1. ಗೂಗಲ್ ಶೀಟ್ಸ್: ‘ಫೈಲ್’, ‘ಸೆಟ್ಟಿಂಗ್ಸ್’, ‘ಲೊಕೇಲ್’ ಎಂಬಲ್ಲಿ ‘ಇಂಡಿಯಾ’ ಆರಿಸಿ ಉಳಿಸಿರಿ. ಇದು ಆ ಒಂದು ಕಡತಕ್ಕೆ ಮಾತ್ರ ಅನ್ವಯಿಸುತ್ತದೆ.

2. ಎಕ್ಸೆಲ್: ವಿಂಡೋಸ್‌ನ ‘ರೀಜನ್’ ಹೊಂದಿಕೆಯನ್ನೇ ಇದು ಅನುಸರಿಸುತ್ತದೆ. ಅಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಇರಲಿ.

3. ಲಿಬ್ರೆಆಫೀಸ್ ಕ್ಯಾಲ್ಕ್: ‘ಟೂಲ್ಸ್’, ‘ಆಪ್ಶನ್ಸ್’ನ ಭಾಷಾ ವಿಭಾಗದಲ್ಲಿ ‘ಲೊಕೇಲ್’ ಬದಲಿಸಿರಿ. ಬಳಿಕ ಅಂಕಣಗಳನ್ನು ಹೊಂದಿಸಿದ ಖಾಲಿ ಹಾಳೆಯನ್ನು ‘ಟೆಂಪ್ಲೇಟ್’ ಆಗಿ ಉಳಿಸಿ, ಅದನ್ನೇ ‘ಡಿಫಾಲ್ಟ್’ ಮಾಡಿದರೆ ಪ್ರತಿ ಹೊಸ ಕಡತವೂ ಅದೇ ರೂಪದಲ್ಲಿ ತೆರೆಯುತ್ತದೆ.

ಸಂಖ್ಯೆಗಳಿಗೂ ಇದೇ ನಿಯಮ. ಹನ್ನೆರಡೂವರೆ ಲಕ್ಷವನ್ನು ನಾವು 12,50,000 ಎಂದು ಬರೆದರೆ ಅಮೆರಿಕದ ಪದ್ಧತಿ 1,250,000 ಎಂದು ಬರೆಯುತ್ತದೆ. ಮೌಲ್ಯ ಒಂದೇ, ಅಲ್ಪವಿರಾಮದ ಸ್ಥಾನ ಬೇರೆ.

ಕನ್ನಡ ವಿದ್ಯಾರ್ಥಿಗಳು ಗಮನಿಸಬೇಕಾದುದು

ಪಂಪಭಾರತದ ಮೂರನೆಯ ಆಶ್ವಾಸದ ಹನ್ನೆರಡನೆಯ ಪದ್ಯವನ್ನು 3-12 ಎಂದು ಬರೆದರೆ ತಂತ್ರಾಂಶವು ಅದನ್ನು ಡಿಸೆಂಬರ್ 3 ಮಾಡಿಬಿಡುತ್ತದೆ. ಹಸ್ತಪ್ರತಿಯ ಕ್ರಮಸಂಖ್ಯೆ 007 ಎಂಬುದು ಕೇವಲ 7 ಆಗುತ್ತದೆ. ಇಂಥ ಅಂಕಣಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿರಿ.

ನಮ್ಮ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದ ದ. ರಾ. ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು. ಎಕ್ಸೆಲ್‌ನ ಎಣಿಕೆ 1900ರಿಂದ ಆರಂಭವಾಗುವುದರಿಂದ ಈ ದಿನಾಂಕ ಅಲ್ಲಿ ಪಠ್ಯವಾಗಿಯೇ ಉಳಿಯುತ್ತದೆ. ಕವಿಚರಿತೆಯ ಪಟ್ಟಿಗಳಲ್ಲಿ ವರ್ಷ, ತಿಂಗಳು, ದಿನಗಳಿಗೆ ಮೂರು ಪ್ರತ್ಯೇಕ ಅಂಕಣಗಳನ್ನಿಡುವುದು ಸುರಕ್ಷಿತ. ವರ್ಷವನ್ನು ಸದಾ ನಾಲ್ಕು ಅಂಕೆಗಳಲ್ಲಿ ಬರೆಯಿರಿ. ಎಕ್ಸೆಲ್‌ನಲ್ಲಿ ಎರಡೇ ಅಂಕೆ ಬರೆದರೆ ಶತಮಾನವನ್ನು ತಂತ್ರಾಂಶವೇ ಊಹಿಸಿಕೊಳ್ಳುತ್ತದೆ.

ಪಾಠಾಂತರದ ಒಂದು ಅಕ್ಷರಕ್ಕಾಗಿ ನಾವು ಪ್ರತಿಗಳನ್ನು ಹೋಲಿಸಿ ನೋಡುತ್ತೇವೆ. ಅದೇ ಶ್ರದ್ಧೆ ಅಂಕೆಗೂ ಸಲ್ಲಬೇಕು.

ಅಭ್ಯಾಸ: ಹೊಸ ಹಾಳೆಯೊಂದರಲ್ಲಿ 13/1/1956 ಮತ್ತು 1/11/1956 ಎಂದು ಬರೆಯಿರಿ. ಮೊದಲನೆಯದು ಎಡಕ್ಕೆ ನಿಂತರೆ ಎರಡನೆಯದರ ಅರ್ಥವೇನಾಗಿದೆ? ಕಾರಣಸಹಿತ ಬರೆದು ತನ್ನಿರಿ.