ಒಲೆಯ ಹೊಗೆ ಮತ್ತು ಮನೆಯವರ ಉಸಿರು

ವಾಯುಮಾಲಿನ್ಯವೆಂದೊಡನೆ ಕಾರ್ಖಾನೆಯ ಚಿಮಣಿಗಳೂ ನಗರದ ವಾಹನಗಳೂ ನೆನಪಿಗೆ ಬರುತ್ತವೆ. ಆದರೆ ನಮ್ಮ ಅನೇಕ ಗ್ರಾಮಗಳ ಮನೆಗಳಲ್ಲಿ ಉಸಿರಿಗೆ ಅತಿ ಸಮೀಪದ ಮಾಲಿನ್ಯ ಹುಟ್ಟುವುದು ಒಲೆಯಲ್ಲಿ. ದಾಸೋಹವನ್ನು ಧರ್ಮದ ಅಂಗವೆಂದು ತಿಳಿದ ನಮಗೆ ಅಡುಗೆ ಮಾಡುವುದೂ ಒಂದು ಪವಿತ್ರ ಕಾಯಕ. ಆ ಕಾಯಕದಲ್ಲಿ ತೊಡಗಿದವರ ಆರೋಗ್ಯವನ್ನು ಕಾಪಾಡುವುದು ಉಣ್ಣುವವರೆಲ್ಲರ ಕರ್ತವ್ಯ.

ಕಟ್ಟಿಗೆ, ಕುಳ್ಳು, ಜೋಳದ ದಂಟು ಮುಂತಾದವು ಚೆನ್ನಾಗಿ ಒಣಗಿದ್ದು, ಸಾಕಷ್ಟು ಗಾಳಿ ದೊರೆತಾಗ ಶುಭ್ರವಾಗಿ ಉರಿಯುತ್ತವೆ. ಉರುವಲು ಹಸಿಯಾಗಿದ್ದರೆ ಅಥವಾ ಒಲೆಯ ಬಾಯಿಯಲ್ಲಿ ಕಿಕ್ಕಿರಿದಿದ್ದರೆ ದಹನ ಅಪೂರ್ಣವಾಗಿ ಹೊಗೆ ಏಳುತ್ತದೆ. ಈ ಹೊಗೆಯಲ್ಲಿ 2.5 ಮೈಕ್ರೋಮೀಟರಿಗಿಂತ ಚಿಕ್ಕದಾದ ಅಸಂಖ್ಯ ಕಣಗಳಿರುತ್ತವೆ. ತಲೆಗೂದಲಿನ ದಪ್ಪವು ಇವುಗಳ ಇಪ್ಪತ್ತು ಮೂವತ್ತು ಪಟ್ಟು. ಮೂಗು, ಗಂಟಲುಗಳ ತಡೆಯನ್ನು ದಾಟಿ ಇವು ಶ್ವಾಸಕೋಶದ ಆಳದ ಗಾಳಿಗೂಡುಗಳನ್ನು ಸೇರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದಂತೆ ಇಂತಹ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು. ಕಟ್ಟಿಗೆ ಉರಿಯುವ ಅಡುಗೆಮನೆಯಲ್ಲಿ ಅಡುಗೆಯ ಹೊತ್ತಿಗೆ ಇದು ನೂರಾರು ಮೈಕ್ರೋಗ್ರಾಂ ಮುಟ್ಟುವುದುಂಟು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮರಣ ಹೊಂದಿದರೆಂದು ಅದೇ ಸಂಸ್ಥೆಯ ಅಂದಾಜು. ದೀರ್ಘಕಾಲದ ಶ್ವಾಸಕೋಶದ ರೋಗ, ಹೃದ್ರೋಗ, ಪಾರ್ಶ್ವವಾಯು, ಮಕ್ಕಳಲ್ಲಿ ನ್ಯುಮೋನಿಯಾ ಇವು ಮುಖ್ಯ ಪರಿಣಾಮಗಳು. ಬೀಡಿ, ಸಿಗರೇಟು ಮುಟ್ಟದ ತಾಯಂದಿರಿಗೂ ಉಬ್ಬಸ, ಬಿಡದ ಕೆಮ್ಮು ಬರುವುದಕ್ಕೆ ಒಲೆಯ ಹೊಗೆಯೂ ಒಂದು ಕಾರಣ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆದುದರಿಂದ ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಹಸುಗೂಸಿಗೆ ಲೋಬಾನದ ಹೊಗೆಯನ್ನೂ ಹಾಕಬಾರದು. ಬೆಚ್ಚನೆಯ ಬಟ್ಟೆ ಹೊದಿಸಿದರೆ ಸಾಕು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಕುಟುಂಬಗಳಿಗೆ ಅಡುಗೆ ಅನಿಲ ದೊರೆಯಿತು. ಆದರೂ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಹಲವು ಮನೆಗಳಲ್ಲಿ ಹಾಗೆಯೇ ಉಳಿದಿದೆ. ಉರಿ ಹತ್ತಿಸಲು ಅದರಲ್ಲಿ ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿಗಳನ್ನು ಹಾಕುವ ರೂಢಿಯೂ ಇದೆ. ಅವುಗಳ ಹೊಗೆ ಕಟ್ಟಿಗೆಯ ಹೊಗೆಗಿಂತಲೂ ವಿಷಕರವಾದುದರಿಂದ ಇದನ್ನು ಸಂಪೂರ್ಣ ನಿಲ್ಲಿಸಬೇಕು.

ಅನುಕೂಲವಿದ್ದವರು ಅನಿಲ, ವಿದ್ಯುತ್ ಅಥವಾ ಸೌರಶಕ್ತಿಯನ್ನು ಬಳಸುವುದು ಉತ್ತಮ. ಕಟ್ಟಿಗೆ ಅನಿವಾರ್ಯವಾದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಮಾದರಿಯಾಗಬಲ್ಲದು. ಅದರಲ್ಲಿ ಉರುವಲು ಕಡಿಮೆ ಸಾಕು, ಹೊಗೆಯೂ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಕೊಳವೆಯನ್ನು ಮಾಡಿಗಿಂತ ಎತ್ತರಿಸಿ, ಆಗಾಗ ಮಸಿ ತೆಗೆಯಬೇಕು. ಕಟ್ಟಿಗೆಯನ್ನು ಸಣ್ಣಗೆ ಸೀಳಿ, ಮಳೆಗಾಲಕ್ಕೆ ಮೊದಲೇ ಒಣಗಿಸಿಡಬೇಕು. ಒಲೆ ಉರಿಯುವಾಗ ಕಿಟಕಿ ಬಾಗಿಲು ತೆರೆದಿರಲಿ, ಮಕ್ಕಳೂ ಗರ್ಭಿಣಿಯರೂ ದೂರವಿರಲಿ. ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮಿದ್ದರೆ ಅದನ್ನು ಹೊಗೆಯ ಕೆಮ್ಮೆಂದು ಕಡೆಗಣಿಸದೆ ವೈದ್ಯರನ್ನು ಕಾಣಬೇಕು.

ಮನೆಯ ಹಿರಿಯರು ಈ ತಿಂಗಳು ಒಮ್ಮೆ ಒಲೆಯ ಮುಂದೆ ಕುಳಿತು ಅಡುಗೆ ಮುಗಿಯುವವರೆಗೆ ಅಲ್ಲಿಯೇ ಉಸಿರಾಡಿ ನೋಡಲಿ. ಬದಲಿಸಬೇಕಾದುದು ಯಾವುದೆಂಬುದು ಅವರಿಗೇ ತಿಳಿಯುತ್ತದೆ.