ಗಿಟಾರ್ ಆಂಪ್ಲಿಫೈಯರ್: ಬೆಲೆ ಕಟ್ಟಬೇಕಾದದ್ದು ಕಾರ್ಯಕ್ರಮದ ಲೆಕ್ಕದಲ್ಲಿ

ಸಂಗೀತವನ್ನು ಉಪವೃತ್ತಿಯಾಗಿಸಿಕೊಂಡವರ ಹಣಕಾಸಿನಲ್ಲಿ ವಾದ್ಯಸಾಮಗ್ರಿಯ ಖರೀದಿಗೆ ವಿಶೇಷ ಸ್ಥಾನವಿದೆ. ಮನೆಯವರ ಕಣ್ಣಿಗೆ ಅದು ಹವ್ಯಾಸದ ಖರ್ಚಿನಂತೆ ಕಂಡರೂ ವಾಸ್ತವದಲ್ಲಿ ಅದು ಗಳಿಕೆಯ ಸಾಧನ, ಆದ್ದರಿಂದ ಅದನ್ನು ಬಂಡವಾಳವೆಂದೇ ಎಣಿಸಿ ಲೆಕ್ಕ ಇಡಬೇಕಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಕೊಳ್ಳುವ ಬೆಳೆಗಾರನು ಯಂತ್ರದ ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗದೆ, ಕ್ವಿಂಟಲಿಗೆ ಎಷ್ಟು ಬಿದ್ದೀತು, ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ ಎಂಬುದನ್ನೂ ವಿಚಾರಿಸುತ್ತಾನೆ. ಅದೇ ಊರಿನ ಗಿಟಾರ್ ವಾದಕನು ಆಂಪ್ಲಿಫೈಯರ್ ಕೊಳ್ಳುವಾಗ ಮಾತ್ರ ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಗೂ ಹೆಸರಾಂತ ಕಂಪನಿಯ ಮುದ್ರೆಗೂ ಮರುಳಾಗುವುದುಂಟು. ಆಂಪ್ಲಿಫೈಯರಿನ ನಿಜವಾದ ಬೆಲೆಯೆಂದರೆ ಒಂದು ಕಾರ್ಯಕ್ರಮಕ್ಕೆ ಅದು ಎಷ್ಟು ಖರ್ಚು ತರುತ್ತದೆ ಎಂಬ ಮೊತ್ತವೇ ಎಂಬುದು ಈ ಲೇಖನದ ಪ್ರತಿಪಾದನೆ.

ವಾದಕನಿಗೆ ಆಂಪ್ಲಿಫೈಯರಿನಿಂದ ಬೇಕಾದದ್ದೇನು ಎಂಬುದನ್ನು ಜಾಝ್ ಗಿಟಾರಿನ ಉದಾಹರಣೆಯಿಂದ ನೋಡಬಹುದು. ಕರ್ನಾಟಕಕ್ಕೆ ಜಾಝ್ ಸಂಗೀತ ಹೊಸತಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡವು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತ್ತು. ಆದರೆ ಮಲೆನಾಡಿನ ಅಂಚಿನ ಈ ಎರಡು ತಾಲ್ಲೂಕುಗಳಲ್ಲಿ ಜಾಝ್ ನುಡಿಸಲೆಂದೇ ಮೀಸಲಾದ ವೇದಿಕೆಯಿಲ್ಲದ ಕಾರಣ, ಆ ಶೈಲಿಯನ್ನು ಕಲಿತ ವಾದಕನ ಕಲೆ ಮದುವೆಯ ಆರತಕ್ಷತೆ, ಗಣೇಶೋತ್ಸವದ ಆರ್ಕೆಸ್ಟ್ರಾ, ರಾಜ್ಯೋತ್ಸವದ ಸುಗಮ ಸಂಗೀತ, ಜಾತ್ರೆಯ ರಸಮಂಜರಿಗಳ ಒಳಗೆ ಬೆರೆತು ಜೀವಿಸುತ್ತದೆ. ಇಳಯರಾಜಾ ಸಂಗೀತ ನೀಡಿದ, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ಗೀತೆಗಳನ್ನು ಇಂದಿಗೂ ವೇದಿಕೆಯಲ್ಲಿ ನುಡಿಸುವವರಿಗೆ ಅಲ್ಲಿನ ಗಿಟಾರಿನ ಸ್ವಚ್ಛ ನಾದ ಎಷ್ಟು ಮುಖ್ಯವೆಂಬುದು ಗೊತ್ತು. ಈ ಅಂಕಣಕಾರನ ಅನುಭವದಲ್ಲಿಯೂ ಜಾಝ್ ವಾದಕನ ಅಗತ್ಯವೂ ಈ ಭಾಗದ ಆರ್ಕೆಸ್ಟ್ರಾ ವಾದಕನ ಅಗತ್ಯವೂ ಒಂದೇ ಆಗಿವೆ: ಸ್ವಚ್ಛ ನಾದ, ಕಡಿಮೆ ತೂಕ, ಕರೆಂಟ್ ಹೋದರೂ ನಿಲ್ಲದ ದನಿ.

ಸ್ವಚ್ಛ ನಾದದ ಅಗತ್ಯಕ್ಕೆ ತಾಂತ್ರಿಕ ಕಾರಣವಿದೆ. ಸಾಮಾನ್ಯ ಹಾಡಿನ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲಿ, ಮೂರು ಸ್ವರಗಳಿದ್ದರೆ ಜಾಝ್ ಕಾರ್ಡಿನಲ್ಲಿ ನಾಲ್ಕೈದು ಸ್ವರಗಳು ಒಂದಕ್ಕೊಂದು ಹತ್ತಿರ ನಿಲ್ಲುತ್ತವೆ; ಆಂಪ್ಲಿಫೈಯರ್ ತನ್ನ ಶಕ್ತಿಯ ಮಿತಿ ಮುಟ್ಟಿ ದನಿ ಒಡೆಯತೊಡಗಿದರೆ ಈ ಸ್ವರಗಳು ಪರಸ್ಪರ ಕಲಸಿಹೋಗಿ ಕಾರ್ಡಿನ ಗುರುತೇ ಸಿಗದಂತಾಗುತ್ತದೆ. ದನಿ ಒಡೆಯುವ ಮಟ್ಟಕ್ಕೂ ವಾದಕನಿಗೆ ಬೇಕಾದ ಮಟ್ಟಕ್ಕೂ ನಡುವೆ ಉಳಿಯುವ ಅವಕಾಶಕ್ಕೆ ಹೆಡ್‌ರೂಮ್ ಎಂದು ಹೆಸರು, ಮತ್ತು ಜಾಝ್ ವಾದಕನು ಹಣ ಕೊಡುವುದು ಮುಖ್ಯವಾಗಿ ಇದಕ್ಕೇ. 1936ರಲ್ಲಿ ಗಿಬ್ಸನ್ ಕಂಪನಿ ಮಾರುಕಟ್ಟೆಗೆ ತಂದ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಹಿಡಿದು ಚಾರ್ಲಿ ಕ್ರಿಶ್ಚಿಯನ್ ಜಾಝ್ ಗಿಟಾರಿನ ದಿಕ್ಕನ್ನೇ ಬದಲಿಸಿದಾಗಲೂ ಗಿಟಾರ್ ಮತ್ತು ಆಂಪ್ಲಿಫೈಯರ್ ಒಂದೇ ಜೋಡಿಯಾಗಿ ಮಾರಾಟವಾಗುತ್ತಿದ್ದವು. ಆಂಪ್ಲಿಫೈಯರ್ ವಾದ್ಯದ ಅರ್ಧಭಾಗವೆಂಬ ತಿಳಿವಳಿಕೆ ಅಷ್ಟು ಹಳೆಯದು.

ಇನ್ನು ವ್ಯಾಟಿನ ವಿಚಾರ. ವ್ಯಾಟ್ ಎಂಬುದು ಆಂಪ್ಲಿಫೈಯರ್ ಸ್ಪೀಕರಿಗೆ ಕೊಡಬಲ್ಲ ವಿದ್ಯುತ್ ಶಕ್ತಿಯ ಅಳತೆ, ಡೆಸಿಬೆಲ್ ಎಂಬುದು ಕೇಳಿಬರುವ ದನಿಯ ಮಟ್ಟದ ಅಳತೆ. ವ್ಯಾಟ್ ಇಮ್ಮಡಿಯಾದರೆ ದನಿ ಏರುವುದು ಕೇವಲ 3 ಡೆಸಿಬೆಲ್, ಕಿವಿಗೆ ದನಿ ಇಮ್ಮಡಿಯಾದಂತೆ ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಇದಕ್ಕಿಂತ ಹೆಚ್ಚಿನ ಪರಿಣಾಮ ಬೀರುವುದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ದನಿ ಹೊರಡಿಸುತ್ತದೆ ಎಂಬ ಸಂಖ್ಯೆ. 98 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ 30 ವ್ಯಾಟ್ ಕೊಟ್ಟರೂ, 92 ಡೆಸಿಬೆಲ್ ಸ್ಪೀಕರಿಗೆ 120 ವ್ಯಾಟ್ ಕೊಟ್ಟರೂ ಬರುವ ದನಿ ಹೆಚ್ಚುಕಡಿಮೆ 113 ಡೆಸಿಬೆಲ್ಲೇ. ಆದ್ದರಿಂದ 120 ವ್ಯಾಟಿನ ಪೆಟ್ಟಿಗೆಗೆ ನಾಲ್ಕು ಪಟ್ಟು ಹಣ ಕೊಡುವ ಮುನ್ನ ಸ್ಪೀಕರಿನ ಈ ಅಂಕಿಯನ್ನು ಕೇಳಿ ತಿಳಿಯುವುದು ಲೇಸು. ಹಾಗೆಯೇ ಅಂಗಡಿಯಲ್ಲಿ ಪಿಎಂಪಿಒ ಎಂದು ಸಾವಿರಗಳಲ್ಲಿ ಬರೆದ ಸಂಖ್ಯೆಗೆ ಯಾವ ಬೆಲೆಯನ್ನೂ ಕಟ್ಟದೆ, ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಸೂಚಿಸುವ ಆರ್‌ಎಂಎಸ್ ಸಂಖ್ಯೆಯನ್ನಷ್ಟೇ ನೋಡಬೇಕು.

ತೂಕ ಎಂಬುದು ನೇರವಾಗಿ ಹಣದ ವಿಷಯ. ಜಾಝ್ ವಾದಕರ ಮೆಚ್ಚಿನ, 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಸ್ವಚ್ಛ ನಾದಕ್ಕೆ ಮಾದರಿಯೆನಿಸಿದ್ದರೂ ಅದರ ತೂಕ ಸುಮಾರು 28 ಕಿಲೊ. ವಾಲ್ವ್‌ಗಳ ಮೇಲೆ ನಡೆಯುವ ಫೆಂಡರ್ ಟ್ವಿನ್ ರಿವರ್ಬ್ ಕೂಡ ಸರಿಸುಮಾರು ಅಷ್ಟೇ ಭಾರ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೋ ಆನವಟ್ಟಿಗೋ ಬಸ್ಸಿನಲ್ಲಿ ಹೋಗುವ ವಾದಕನು ಒಂದು ಹೆಗಲಿಗೆ ಗಿಟಾರ್ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಇಂಥ ಪೆಟ್ಟಿಗೆ ಹಿಡಿದು ಹತ್ತಲಾರ. ಪ್ರತಿ ಕಾರ್ಯಕ್ರಮಕ್ಕೂ ಲಗೇಜ್ ಆಟೊ ಹಿಡಿಯಲೇಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ ಜರ್ಮನಿಯ ಎಇಆರ್ ಕಾಂಪ್ಯಾಕ್ಟ್ 60 ಎಂಬುದು 60 ವ್ಯಾಟ್ ಶಕ್ತಿಯನ್ನು ಸುಮಾರು ಆರೂವರೆ ಕಿಲೊ ತೂಕದಲ್ಲಿ ಕೊಡುತ್ತದೆ, ಆದರೆ ಅದರ ಬೆಲೆ ಇಲ್ಲಿನ ವಾದಕನ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ. ರೋಲ್ಯಾಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್ 50 ವ್ಯಾಟಿನದಾಗಿದ್ದು, ಏಳೂವರೆ ಕಿಲೊದೊಳಗಿದ್ದು, ಎಂಟು ಪೆನ್ಸಿಲ್ ಸೆಲ್‌ಗಳಿಂದಲೂ ನಡೆಯುತ್ತದೆ. ಸ್ಟ್ರೇಂಜರ್ ಮೊದಲಾದ ದೇಶೀ ತಯಾರಿಕೆಗಳು ಇವುಗಳಿಗಿಂತ ಅಗ್ಗವಾಗಿ ಸಿಗುತ್ತವೆ, ಮತ್ತು ಆರಂಭದ ವಾದಕನು ಅವನ್ನು ಕೀಳೆಂದು ತಳ್ಳಿಹಾಕಬೇಕಾದ ಕಾರಣವಿಲ್ಲ.

ಬ್ಯಾಟರಿಯ ಅನುಕೂಲವನ್ನು ಈ ಭಾಗದಲ್ಲಿ ಶೋಕಿಯೆಂದು ಎಣಿಸುವಂತಿಲ್ಲ. ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವ ಮೆಸ್ಕಾಂ ಜಾಲದಲ್ಲಿ ಗಾಳಿಮಳೆಯ ದಿನಗಳಲ್ಲಿ ಕರೆಂಟ್ ಹೋಗುವುದು ಸಾಮಾನ್ಯ, ಜನರೇಟರ್ ಹಚ್ಚುವವರೆಗೆ ವೇದಿಕೆ ಮೌನವಾಗಿ ಉಳಿಯುತ್ತದೆ. ಬ್ಯಾಟರಿಯ ಸಾಮರ್ಥ್ಯವನ್ನು ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ ತಿಳಿಯಬಹುದು: 12 ವೋಲ್ಟ್, 7 ಆಂಪಿಯರ್-ಅವರ್‌ನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತದೆ, ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನೇ ಬಳಸಿದರೆ ಸರಾಸರಿ 20 ವ್ಯಾಟ್ ಎಳೆಯುವ ಆಂಪ್ಲಿಫೈಯರ್ ಸುಮಾರು ಎರಡು ಗಂಟೆ ನಡೆಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಜೀವದ ಸುರಕ್ಷತೆ. ಶಾಮಿಯಾನದ ಕಂಬಕ್ಕೆ ಕಟ್ಟಿದ ಹಲಗೆಯ ಸಾಕೆಟ್ಟಿಗೆ ಪ್ಲಗ್ ಇಲ್ಲದ ಬರಿ ವೈರಿನ ತುದಿಗಳನ್ನು ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿರುವುದನ್ನು ಈ ಅಂಕಣಕಾರನು ವೇದಿಕೆಯ ಹಿಂದೆ ಕಂಡಿದ್ದಾನೆ. ಅರ್ಥಿಂಗ್ ಇಲ್ಲದ ಅಂಥ ಸಂಪರ್ಕದಲ್ಲಿ ದೋಷವಿದ್ದರೆ, ಗಿಟಾರಿನ ತಂತಿಯ ಮೇಲೆ ಬೆರಳಿಟ್ಟ ವಾದಕನ ತುಟಿ ಮೈಕಿಗೆ ತಾಗಿದೊಡನೆ ಶಾಕ್ ಹೊಡೆಯುವ ಅಪಾಯವಿರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಆಂಪ್ಲಿಫೈಯರ್ ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಇಡೀ ಸಭಾಂಗಣಕ್ಕೆ ತಾನೊಬ್ಬನೇ ದನಿ ಮುಟ್ಟಿಸಬೇಕೆಂಬ ಭಾವನೆಯೇ ಅನಗತ್ಯ ಖರ್ಚಿನ ಮೂಲ. ಕಲ್ಯಾಣ ಮಂಟಪವಿರಲಿ, ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯ ಬಯಲಿರಲಿ, ಸಭಿಕರಿಗೆ ದನಿ ಮುಟ್ಟಿಸುವ ಹೊಣೆ ಸೌಂಡ್ಸ್‌ನವರದು. ವಾದಕನ ಆಂಪ್ಲಿಫೈಯರ್ ಅವನಿಗೂ ಪಕ್ಕದ ತಬಲಾ, ಕೀಬೋರ್ಡ್ ವಾದಕರಿಗೂ ಕೇಳಿಸಿದರೆ ಸಾಕು. ಆದ್ದರಿಂದ ಹೆಚ್ಚು ವ್ಯಾಟಿಗಿಂತ ಲೈನ್ ಔಟ್ ಎಂಬ ಕಿಂಡಿ, ಅಂದರೆ ಆಂಪ್ಲಿಫೈಯರಿನಿಂದ ಸೌಂಡ್ಸ್‌ನವರ ಮಿಕ್ಸರಿಗೆ ನೇರವಾಗಿ ನಾದವನ್ನು ಕಳಿಸುವ ಸೌಲಭ್ಯ, ಹೆಚ್ಚು ಬೆಲೆಯುಳ್ಳದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿರುವುದನ್ನು ನೆನೆದರೂ ಅತಿ ಶಕ್ತಿಯ ಪೆಟ್ಟಿಗೆಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಈಗ ಲೆಕ್ಕ. ಉದಾಹರಣೆಗಾಗಿ, ವರ್ಷಕ್ಕೆ 40 ಕಾರ್ಯಕ್ರಮ ನುಡಿಸುವ ವಾದಕನೊಬ್ಬನು ಐದು ವರ್ಷದಲ್ಲಿ 200 ಕಾರ್ಯಕ್ರಮ ಕೊಡುತ್ತಾನೆಂದು ಭಾವಿಸೋಣ. 30,000 ರೂಪಾಯಿಯ ಹಗುರ ಆಂಪ್ಲಿಫೈಯರಿಗೆ 2,000 ರಿಪೇರಿ ಸೇರಿಸಿ, ಕೊನೆಯಲ್ಲಿ ಮಾರಿದಾಗ ಬರುವ 12,000 ಕಳೆದರೆ ನಿವ್ವಳ ವೆಚ್ಚ 20,000, ಅಂದರೆ ಕಾರ್ಯಕ್ರಮಕ್ಕೆ 100 ರೂಪಾಯಿ. 12,000 ರೂಪಾಯಿಯ ಅಗ್ಗದ ಪೆಟ್ಟಿಗೆ ಎರಡೇ ವರ್ಷ ಬಾಳಿ, ಮಾರಾಟ ಬೆಲೆಯೂ ಸಿಗದೆ ಹೋದರೆ 80 ಕಾರ್ಯಕ್ರಮಕ್ಕೆ ತಲಾ 150 ರೂಪಾಯಿ ಬೀಳುತ್ತದೆ. 45,000 ರೂಪಾಯಿಯ ಭಾರದ ಪೆಟ್ಟಿಗೆ 25,000ಕ್ಕೆ ಮರುಮಾರಾಟವಾಗಿ, ರಿಪೇರಿಗೆ 4,000 ತಗಲಿದರೆ ವೆಚ್ಚ 120 ರೂಪಾಯಿಯೇ, ಆದರೆ ಪ್ರತಿ ಸಲ 300 ರೂಪಾಯಿ ಆಟೊ ಬಾಡಿಗೆ ಸೇರಿದಾಗ ಅದು 420 ಆಗುತ್ತದೆ. ಮೂರು ಪೆಟ್ಟಿಗೆಗಳ ಪೈಕಿ ಮಧ್ಯಮ ಬೆಲೆಯ ಹಗುರದ್ದೇ ಅಗ್ಗವೆಂದು ಈ ಲೆಕ್ಕ ತೋರಿಸುತ್ತದೆ. ಪ್ರತಿಯೊಬ್ಬನೂ ತನ್ನ ಅಂಕಿಗಳನ್ನು ಇದೇ ಕ್ರಮದಲ್ಲಿ ಇಟ್ಟು ನೋಡಬೇಕು.

ಹಣ ಹೊಂದಿಸುವ ಬಗೆಯೂ ಅಷ್ಟೇ ಮುಖ್ಯ, ಏಕೆಂದರೆ ವಾದಕನ ಆದಾಯ ಮಾಘದಿಂದ ವೈಶಾಖದವರೆಗಿನ ಮದುವೆಯ ಕಾಲ, ಭಾದ್ರಪದದ ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವ ಎಂಬ ಋತುಗಳಿಗೆ ಕಟ್ಟುಬಿದ್ದಿದ್ದರೆ ಸಾಲದ ಕಂತು ಆಷಾಢದಲ್ಲಿಯೂ ತಪ್ಪದೆ ಬರುತ್ತದೆ. ಶೇ 12ರ ಬಡ್ಡಿ ಎಂದು ಹೇಳುವ ಸಾಲ ಫ್ಲ್ಯಾಟ್ ದರದ್ದಾಗಿದ್ದರೆ, ಅಂದರೆ ಅಸಲು ತೀರುತ್ತ ಬಂದರೂ ಪೂರ್ತಿ ಮೊತ್ತದ ಮೇಲೆಯೇ ಬಡ್ಡಿ ಹಾಕುವಂಥದ್ದಾಗಿದ್ದರೆ, 30,000 ರೂಪಾಯಿಗೆ ತಿಂಗಳಿಗೆ 2,800ರಂತೆ ಹನ್ನೆರಡು ಕಂತು ಕಟ್ಟಬೇಕಾಗಿ ನಿಜವಾದ ವಾರ್ಷಿಕ ದರ ಸುಮಾರು ಶೇ 21.5ಕ್ಕೆ ಮುಟ್ಟುತ್ತದೆ. ಅದರ ಬದಲು ಮದುವೆಯ ಕಾಲದ ಪ್ರತಿ ಸಂಭಾವನೆಯಿಂದ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತ ಬಂದು, ಕಡಿಮೆ ಬಿದ್ದಷ್ಟನ್ನು ಮಾತ್ರ ಸ್ವಸಹಾಯ ಸಂಘದಿಂದಲೋ ಸೊಸೈಟಿಯಿಂದಲೋ, ಇಳಿಯುವ ಅಸಲಿನ ಮೇಲೆ ಬಡ್ಡಿ ಹಾಕುವ ಕಡೆ, ಪಡೆಯುವುದು ಹಿತ. ಆಂಪ್ಲಿಫೈಯರಿನ ಮೇಲೆ ಶೇ 18 ಜಿಎಸ್‌ಟಿ ಇರುವುದರಿಂದ ಬಿಲ್ ಇಲ್ಲದೆ ಕೊಂಡರೆ ಅಗ್ಗವಾದೀತೆಂಬ ಮಾತು ಕೇಳಿಬರುತ್ತದೆ, ಆದರೆ ಬಿಲ್ ಇಲ್ಲದೆ ವಾರಂಟಿಯ ಹಕ್ಕು ಕೇಳುವುದೂ, ಮುಂದೆ ಒಳ್ಳೆಯ ಬೆಲೆಗೆ ಮಾರುವುದೂ ಕಷ್ಟ.

ಹಳೆಯ ಪೆಟ್ಟಿಗೆ ಕೊಳ್ಳುವವರು ತಮ್ಮದೇ ಗಿಟಾರ್ ಒಯ್ದು, ದನಿಯನ್ನು ಮುಕ್ಕಾಲು ಮಟ್ಟಕ್ಕೆ ಏರಿಸಿ, ಕೆಳಗಿನ ದಪ್ಪ ತಂತಿಯನ್ನೂ ನಂತರ ಐದು ಸ್ವರದ ಒಂದು ಕಾರ್ಡನ್ನೂ ನುಡಿಸಿ ಕೇಳಬೇಕು. ಗುಂಡಿಗಳನ್ನು ತಿರುಗಿಸುವಾಗ ಕರಕರ ಸದ್ದು ಬಂದರೆ ಅದು ಸಣ್ಣ ರಿಪೇರಿ, ಸ್ಪೀಕರಿನ ಕಾಗದದ ಶಂಕುವನ್ನು ಮೆಲ್ಲನೆ ಒತ್ತಿದಾಗ ಒಳಗೆ ಉಜ್ಜಿದ ಸದ್ದು ಬಂದರೆ ಅದು ದೊಡ್ಡ ಖರ್ಚು. ಶಿವಮೊಗ್ಗದಲ್ಲಿ ಅದನ್ನು ರಿಪೇರಿ ಮಾಡುವವರಿದ್ದಾರೆಯೇ, ಇಲ್ಲವೇ ಬೆಂಗಳೂರಿಗೆ ಪಾರ್ಸೆಲ್ ಹಾಕಬೇಕೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು.

ಒಟ್ಟಿನಲ್ಲಿ ಶಿಕಾರಿಪುರ, ಸೊರಬ ಭಾಗದ ವಾದಕನಿಗೆ ಸಲ್ಲುವುದು ಹತ್ತು ಕಿಲೊ ಮೀರದ, 30ರಿಂದ 60 ಆರ್‌ಎಂಎಸ್ ವ್ಯಾಟಿನ, ಬ್ಯಾಟರಿ ಮತ್ತು ಲೈನ್ ಔಟ್ ಎರಡೂ ಇರುವ, ಹತ್ತಿರದಲ್ಲಿ ರಿಪೇರಿಯಾಗುವ ಆಂಪ್ಲಿಫೈಯರ್. ಅದಕ್ಕಿಂತ ಹೆಚ್ಚಿಗೆ ಕೊಡಲು ಕೈಯಲ್ಲಿ ಹಣವಿದ್ದರೆ, ಅದನ್ನು ಒಳ್ಳೆಯ ತಂತಿಗಳಿಗೂ ಕಲಿಕೆಗೂ ಮೀಸಲಿಡುವುದು ಉತ್ತಮ.